ಕೈಯಲ್ಲೇ ಓಡುತ್ತಿದ್ದ ಕಾರು

ಅಕ್ಕನಿಗೆ ಎರಡೂವರೆ ವರ್ಷವಾಗಿದ್ದಾಗ ಪೋಲಿಯೊ ಬಂತಂತೆ. ನಾನು ಹುಟ್ಟಿದ್ದು ಅದಾಗಿ ಮೂರೂವರೆ ವರ್ಷಕ್ಕೆ. ಅವಳು ತನ್ನ ಕಾಲ ಮೇಲೆ ತಾನು ನಿಂತದ್ದನ್ನು ಅಪ್ಪ, ಅವ್ವ ನೋಡಿದ್ದರು, ನಾನು ನೋಡಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಅಕ್ಕ ಎಂದರೆ ಎರಡೂ ಕಾಲಿಗೆ ತೊಡೆಯವರೆಗೆ ಕಬ್ಬಿಣದ ಪಟ್ಟಿ, ಎರಡೂ ಕಂಕುಳಲ್ಲಿ ಊರುಗೋಲು.

ಶಾಲೆಗೂ ಕಾಲೇಜಿಗೂ ಅವಳನ್ನು ಅಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಅವಳಿಗೆ ಹರಿಹರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕ ಮೇಲೆ ಅಪ್ಪ ಹೆಚ್ಚು ಕಾಲ ಬದುಕಲಿಲ್ಲ. ಆ ಜವಾಬ್ದಾರಿ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ದಾವಣಗೆರೆಯ ಬಸ್ ನಿಲ್ದಾಣಕ್ಕೆ ಬಿಡುವುದು, ಅಲ್ಲಿ ಅವಳನ್ನು ಎತ್ತಿ ಹರಿಹರದ ಬಸ್ಸಿನ ಸೀಟಿನಲ್ಲಿ ಕೂರಿಸುವುದು, ಸಂಜೆ ಅದೇ ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳುವುದು. ಎರಡರ ನಡುವೆ ಮಂಡಿಪೇಟೆಯಲ್ಲಿ ನಮ್ಮ ಹಗ್ಗ, ಗೋಣಿಚೀಲ, ತಾಡಪಾಲಿನ ಅಂಗಡಿ. ವರ್ಷಗಟ್ಟಲೆ ಇದನ್ನು ಮಾಡಿದೆ. ಖುಷಿಯಿಂದ ಮಾಡಿದೆ ಎಂದರೆ ಸುಳ್ಳಾಗುತ್ತದೆ.

ಒಂದು ಶನಿವಾರ ಅಂಗಡಿ ಬೇಗ ಮುಚ್ಚಿ ಗೆಳೆಯರ ಜೊತೆ ಇಸ್ಪೀಟಿಗೆ ಕೂತೆ. ಆಗ ನಮ್ಮಿಬ್ಬರ ಬಳಿಯೂ ಮೊಬೈಲ್ ಇರಲಿಲ್ಲ. ಒಂದು ಆಟ, ಇನ್ನೊಂದು ಆಟ ಎನ್ನುತ್ತ ಅಕ್ಕನ ಬಸ್ಸು ಬಂದು ಎರಡು ಗಂಟೆಯಾದ ಮೇಲೆ ನನಗೆ ಎಚ್ಚರವಾಯಿತು. ಓಡಿ ಹೋದೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಯಾರೋ ಪುಣ್ಯಾತ್ಮರು ಇಳಿಸಿ ಕೂರಿಸಿ ಹೋಗಿದ್ದರು. ಊರುಗೋಲುಗಳನ್ನು ಮಡಿಲಿನ ಮೇಲೆ ಅಡ್ಡ ಇಟ್ಟುಕೊಂಡಿದ್ದಳು. ನಾನು ಏನೋ ನೆಪ ಹೇಳಲು ಬಾಯಿ ತೆರೆದೆ.

"ಸ್ಕೂಟರಿನ ಡಿಕ್ಕಿಯೊಳಗೆ ರೇನ್‌ಕೋಟ್ ಐತಲ್ಲ, ತಗೊಂಡು ಬಾ" ಎಂದಳು.

"ಮಳೆ ಎಲ್ಲೈತೆ ಅಕ್ಕ?"

ಆಗ ನೋಡಿದೆ. ಸೀರೆ ಹಿಂದುಗಡೆ ಪೂರ್ತಿ ಒದ್ದೆಯಾಗಿತ್ತು. ಬೆಂಚಿನ ಕೆಳಗೂ ಹರಿದಿತ್ತು. ಅಷ್ಟು ದೂರದ ಶೌಚಾಲಯಕ್ಕೆ, ಜಾರುವ ನೆಲದ ಮೇಲೆ, ಒಬ್ಬಳೇ ಹೋಗಲಾರದೆ ಎರಡು ಗಂಟೆ ತಡೆದುಕೊಂಡು ಕೂತಿದ್ದಳು, ಕೊನೆಗೆ ತಡೆಯಲಾಗಿರಲಿಲ್ಲ. ನಲವತ್ತು ತುಂಬುತ್ತಿದ್ದ, ಕಚೇರಿಯಲ್ಲಿ ನಾಲ್ಕು ಜನ ಎದ್ದು ನಿಂತು ಮಾತನಾಡಿಸುತ್ತಿದ್ದ ನನ್ನ ಅಕ್ಕ.

ರೇನ್‌ಕೋಟ್ ಸುತ್ತಿ ಅವಳನ್ನು ಮನೆಗೆ ಕರೆತಂದೆ. ದಾರಿಯಲ್ಲಿ ಬಯ್ಯಲಿಲ್ಲ. ಮನೆ ಮುಂದೆ ಇಳಿಸುವಾಗ ಒಂದೇ ಮಾತು ಹೇಳಿದಳು. "ಇನ್ನ ಮುಂದೆ ನೀನು ಬರೋದು ಬ್ಯಾಡ. ನಾನೇ ಹೋಗ್ತೀನಿ, ನಾನೇ ಬರ್ತೀನಿ."

ಹೇಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮುಂದಿನ ವಾರವೇ ಅವಳು ಒಂದು ಆಟೊ ಮಾಡಿಸಿಕೊಂಡು ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿದ್ದ ಗ್ಯಾರೇಜಿಗೆ ಹೋದಳು. ಅಲ್ಲಿನ ಮೇಸ್ತ್ರಿ ನನಗೆ ಪರಿಚಯದವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವವರು. ಅವರ ಅಪ್ಪ ಕುದುರೆಗಾಡಿಯ ಚಕ್ರ ಕಟ್ಟುತ್ತಿದ್ದರಂತೆ, ಇವರು ಕಾರು ಬಿಚ್ಚುತ್ತಿದ್ದರು. ಅಕ್ಕ ಅವರಿಗೆ ಹೇಳಿದ್ದನ್ನು ಅವರು ನಂತರ ಎಷ್ಟೋ ಸಲ ನಗುತ್ತ ನೆನೆಸಿಕೊಂಡಿದ್ದಾರೆ. "ನನಗೆ ಕಾಲಿಲ್ಲ, ಕೈ ಜೋರಾಗಿದಾವೆ. ಕೈಯಾಗೇ ಓಡೋ ಕಾರು ಮಾಡಿಕೊಡ್ರಿ" ಎಂದಿದ್ದಳಂತೆ.

ಆಗೆಲ್ಲ ಅಂಥ ಸಾಮಾನು ಸಿದ್ಧವಾಗಿ ಸಿಗುತ್ತದೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ಅಕ್ಕ ಬಿಳಿ ಬಣ್ಣದ ಒಂದು ಪುಟ್ಟ ಹೊಸ ಕಾರು ತೆಗೆದುಕೊಂಡಳು. ಮೇಸ್ತ್ರಿ ಅದನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ಎರಡು ತಿಂಗಳು ತಲೆ ಕೆಡಿಸಿಕೊಂಡರು. ಕೊನೆಗೆ ಸ್ಟಿಯರಿಂಗ್ ಕೆಳಗೆ ಬಲಗೈಗೆ ಒಂದು ಕಬ್ಬಿಣದ ಸರಳು ಬಂತು. ಮುಂದಕ್ಕೆ ಒತ್ತಿದರೆ ಬ್ರೇಕು, ತನ್ನ ಕಡೆ ಎಳೆದರೆ ವೇಗ. ಗೇರಿನ ಕೋಲಿಗೆ ಹಳೆಯ ಸ್ಕೂಟರಿನ ಕ್ಲಚ್ ಹಿಡಿಯನ್ನು ಕಟ್ಟಿ, ತಂತಿ ಎಳೆದು ಕೆಳಗಿನ ಕ್ಲಚ್ಚಿಗೆ ಸೇರಿಸಿದ್ದರು. ಸ್ಟಿಯರಿಂಗ್ ಚಕ್ರವನ್ನು ಒಂದೇ ಕೈಯಲ್ಲಿ ತಿರುಗಿಸಲು ಅದರ ಮೇಲೊಂದು ಗುಂಡನೆಯ ಮರದ ಗುಬುಟು.

ಎಲ್ಲ ಮುಗಿದ ದಿನ ನನ್ನನ್ನು ಕರೆಸಿದರು. "ಅಂಗಡಿಯಿಂದ ಒಂದು ಹಗ್ಗ ತಗೊಂಡು ಬರ್ರಿ" ಎಂದು ಹೇಳಿ ಕಳಿಸಿದ್ದರು. ಒಯ್ದೆ. ಅವರು ಡ್ರೈವರ್ ಸೀಟಿನಲ್ಲಿ ಕೂತು ಕಾಲು ಜೋಡಿಸಿದರು.

"ಕಟ್ರಿ" ಎಂದರು.

"ಏನು ಕಟ್ಟಲಿ?"

"ನನ್ನ ಕಾಲು. ಸೀಟಿಗೆ ಸೇರಿಸಿ ಕಟ್ರಿ, ಬಿಗಿಯಾಗಿ. ಕಾಲು ಬಿಟ್ಟಿದ್ರೆ ಹೆದರಿಕೆ ಆದಾಗ ಪೆಡಲ್ ಮ್ಯಾಲೇ ಹೋಗ್ತೈತೆ. ಆ ಬೆಹನ್‌ಗೆ, ನಿಮ್ಮ ಅಕ್ಕಗೆ, ಹೋಗೋದಿಲ್ಲ ನೋಡ್ರಿ."

ಕಟ್ಟಿದೆ. ಪಕ್ಕದಲ್ಲಿ ಕೂತೆ. ಹಾಗೆ ಕಾಲು ಕಟ್ಟಿಸಿಕೊಂಡೇ ಅವರು ಪಿ.ಬಿ. ರಸ್ತೆಯಲ್ಲಿ ಹರಿಹರದವರೆಗೆ ಹೋಗಿ ವಾಪಸು ಬಂದರು. ಲಾರಿ ಎದುರಾದಾಗಲೆಲ್ಲ ಅವರ ತೊಡೆಯ ನರ ಹಗ್ಗದ ಕೆಳಗೆ ಬಿಗಿಯುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಗ್ಯಾರೇಜು ಮುಟ್ಟಿದಾಗ ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಈಗ ಕೊಡಬಹುದು" ಎಂದರು.

ಅಕ್ಕ ಕಲಿಯಲು ಹೆಚ್ಚು ದಿನ ತೆಗೆದುಕೊಳ್ಳಲಿಲ್ಲ. ಲೈಸೆನ್ಸ್ ಕೊಡುವ ಅಧಿಕಾರಿ ಮೊದಲು ಅನುಮಾನಪಟ್ಟು, ಮೈದಾನದಲ್ಲಿ ಇವಳು ಎಂಟರ ಆಕಾರದಲ್ಲಿ ಸುತ್ತು ಹೊಡೆದದ್ದನ್ನು ನೋಡಿ ಸಹಿ ಹಾಕಿದರು. ಆಮೇಲೆ ಇಪ್ಪತ್ತು ವರ್ಷ, ಅವಳು ನಿವೃತ್ತಳಾಗುವವರೆಗೂ, ಆ ಕಾರು ದಿನವೂ ಹರಿಹರಕ್ಕೆ ಹೋಗಿ ಬಂತು.

ಊರುಗೋಲಿನ ಮೇಲೆ ಅಕ್ಕ ನಿಧಾನ. ಯಾರಾದರೂ ಜೊತೆಗೆ ನಡೆದರೆ ಅವರೂ ನಿಧಾನವಾಗಬೇಕು, ಇಲ್ಲವೇ ಮುಂದೆ ಹೋಗಿ ನಿಂತು ಕಾಯಬೇಕು. ಕಾರಿನೊಳಗೆ ಕೂತರೆ ಅವಳು ಎಲ್ಲರ ಸಮಕ್ಕೂ ಓಡುತ್ತಿದ್ದಳು, ಕೆಲವೊಮ್ಮೆ ಎಲ್ಲರಿಗಿಂತ ಮುಂದೆ. ಕಿಟಕಿಯ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಆಟೊದವರನ್ನು ಬಯ್ಯುವುದನ್ನೂ ಕಲಿತಳು. ಅವಳು ಬಯ್ಯುವುದನ್ನು ನಾನು ಮೊದಲ ಸಲ ಕೇಳಿದ್ದು ಆ ಕಾರಿನಲ್ಲಿ. ಹೋಟೆಲ್ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರೆ ಬೆಣ್ಣೆದೋಸೆ ಕಿಟಕಿಗೆ ಬರುತ್ತಿತ್ತು. ಅವ್ವನಿಗೆ ಕೊನೆಗಾಲದಲ್ಲಿ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕಾಗಿದ್ದಾಗ ಕರೆದೊಯ್ದವಳು ಅವಳೇ. ನನ್ನ ಹೆಂಡತಿಗೆ ಹೆರಿಗೆ ನೋವು ಬಂದ ಮಧ್ಯಾಹ್ನವೂ ಅಷ್ಟೆ. ನಾನು ಹಿಂದಿನ ಸೀಟಿನಲ್ಲಿ ಹೆಂಡತಿಯ ಕೈ ಹಿಡಿದು ಕೂತು ನಡುಗುತ್ತಿದ್ದೆ. ಮುಂದಿನಿಂದ ಅಕ್ಕ, "ನೀನು ಯಾಕ ಹಂಗೆ ನಡುಗ್ತೀಯ? ಹೆರೋದು ಅವಳು" ಎಂದು ನಗುತ್ತಿದ್ದಳು. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯಬೇಕೆಂದು ಅನ್ನಿಸಿಯೂ ಇರಲಿಲ್ಲ. ಮನೆಯಲ್ಲಿ ಓಡಿಸುವವಳು ಅವಳು.

ನಿವೃತ್ತಿಯ ಹಿಂದಿನ ವರ್ಷದಿಂದಲೇ ಅವಳ ಬಲಭುಜ ನೋಯುತ್ತಿತ್ತು. ರಾತ್ರಿ ಎಣ್ಣೆ ಹಚ್ಚಿ ಮಲಗುತ್ತಾಳೆ ಎಂದು ಹೆಂಡತಿ ಹೇಳಿದಳು. ತಲೆ ಬಾಚಿಕೊಳ್ಳಲು ಎಡಗೈ ಬಳಸುವುದನ್ನು ನಾನೂ ನೋಡಿದ್ದೆ. ವೈದ್ಯರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು, ಭುಜದ ಸ್ನಾಯು ಹರಿದಿದೆ ಎಂದರು. "ಐವತ್ತೈದು ವರ್ಷ ಈ ಭುಜಗಳು ಕಾಲಿನ ಕೆಲಸ ಮಾಡಿದಾವೆ. ಅವಕ್ಕೂ ಒಂದು ಮಿತಿ ಐತೆ ಅಲ್ವಾ? ಊರುಗೋಲು ಬೇಕು ಅಂದ್ರೆ ಕಾರು ಬಿಡಬೇಕಾಗುತ್ತೆ." ಅಕ್ಕ ತಲೆಯಾಡಿಸಿದಳು. ಹೊರಗೆ ಬಂದು ಎಂದಿನಂತೆ ಕಾರು ಹತ್ತಿ ಸರಳು ಎಳೆದಳು.

ಕಾರು ಓಡಿಸುವುದನ್ನು ಬಿಡುವ ದಿನ ಬಂದದ್ದು ಆರು ತಿಂಗಳ ನಂತರ, ಅವಳು ನಿವೃತ್ತಳಾದ ಮೇಲೆ, ಹಗಲು ಹನ್ನೊಂದು ಗಂಟೆಗೆ. ನಾನು ಜೊತೆಗಿದ್ದೆ. ಹರಿಹರದಿಂದ ಬರುತ್ತಿದ್ದೆವು. ಊರು ಹತ್ತಿರವಾದಲ್ಲಿ ಸೀಬೆಹಣ್ಣಿನ ತಳ್ಳುಗಾಡಿಯೊಂದು ರಸ್ತೆಗೆ ಇಳಿಯಿತು. ತಳ್ಳುತ್ತಿದ್ದವಳು ವಯಸ್ಸಾದ ಹೆಂಗಸು. ಅಕ್ಕ ಸರಳನ್ನು ಒತ್ತಿದಳು. ಕಾರು ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಅವಳು ಹಲ್ಲು ಕಚ್ಚಿ ಮೈಯನ್ನೆಲ್ಲ ಮುಂದಕ್ಕೆ ಹಾಕಿ ಒತ್ತಿದಳು. ಕಾರು ಗಾಡಿಗೆ ತಾಗಿಯೇ ನಿಂತಿತು. ಗಾಡಿ ವಾಲಿ ಹಣ್ಣೆಲ್ಲ ರಸ್ತೆಯ ಮೇಲೆ ಉರುಳಿದವು. ಮುದುಕಿ ನಮ್ಮ ಬಾನೆಟ್ಟಿಗೆ ಒಂದು ಗೇಣು ದೂರದಲ್ಲಿ, ಕೈ ಎದೆಗಿಟ್ಟುಕೊಂಡು ನಿಂತಿದ್ದಳು.

ನಾನು ಇಳಿದು ಹಣ್ಣು ಆರಿಸಿದೆ. ಜನ ಸೇರಿದರು. ಅಕ್ಕ ಕಿಟಕಿಯಿಂದ ಕೈ ಮುಗಿದು, "ತಪ್ಪಾತವ್ವಾ, ನನ್ನ ಕೈ ಸೋತು ಹೋತು" ಎಂದಳು. ಅವಳ ಕಾಲಿನ ಪಟ್ಟಿ ನೋಡಿ ಮುದುಕಿಯೇ, "ಇರ್ಲಿ ಬಿಡವ್ವಾ, ನಂಗೇನೂ ಆಗಿಲ್ಲ" ಎಂದು ಸಮಾಧಾನ ಮಾಡಿ, ಬೇಡವೆಂದರೂ ಎರಡು ಹಣ್ಣು ಸೀಟಿನ ಮೇಲಿಟ್ಟಳು.

ಮನೆ ತಲುಪಿದ ಮೇಲೆ ಅಕ್ಕ ಕೀಲಿಕೈಯನ್ನು ಊಟದ ಮೇಜಿನ ಮೇಲಿಟ್ಟಳು. "ನೀನು ಕಾರು ಕಲಿ" ಎಂದು ನನಗೆ ಹೇಳಿ ಕೋಣೆಗೆ ಹೋದಳು.

ಐವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಕಾರು ಕಲಿತೆ. ಹೊಸ ಕಾರು ನೋಡಲು ಶೋರೂಮಿಗೆ ಹೋದೆವು. ಮಾರುವ ಹುಡುಗಿ ಚುರುಕಾಗಿದ್ದಳು, ನಯವಾಗಿ ಮಾತನಾಡುತ್ತಿದ್ದಳು, ಆದರೆ ಎಲ್ಲವನ್ನೂ ನನಗೇ ಹೇಳುತ್ತಿದ್ದಳು. ಇದಕ್ಕೆ ಗೇರು ಬದಲಿಸುವ ರಗಳೆಯಿಲ್ಲ ಸಾರ್, ಹಿಂದುಗಡೆ ಮೇಡಮ್ಮೋರಿಗೆ ಆರಾಮ ಆಗ್ತೈತೆ ಸಾರ್. ಅಕ್ಕ ಅವಳ ಮಾತು ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಪ್ರತಿ ಕಾರಿನ ಬಾಗಿಲು ತೆಗೆಸಿ ಊರುಗೋಲನ್ನು ಸೀಟಿನ ಪಕ್ಕ ನಿಲ್ಲಿಸಿ ಎತ್ತರ ಅಳೆದಳು. ಇದು ಎತ್ತರ, ಇದೂ ಎತ್ತರ. ಒಂದರ ಸೀಟು ಸರಿಯಾಗಿತ್ತು. ಅದನ್ನೇ ತೆಗೆದುಕೊಂಡೆವು. ಬಣ್ಣ ಯಾವುದು ಬೇಕು ಎಂದು ಹುಡುಗಿ ಕೇಳಿದಳು. ಅಕ್ಕ ನನ್ನ ಕಡೆ ತೋರಿಸಿದಳು. "ಓಡಿಸೋರನ್ನ ಕೇಳವ್ವಾ."

ಹೊಸ ಕಾರು ಗೇಟಿನ ಒಳಗೆ ಬಂತು. ಹಳೆಯದನ್ನು ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಿಸಿ, ಅಂಗಡಿಯಿಂದ ಹೊಸ ತಾಡಪಾಲು ತಂದು ಹೊದಿಸಿದೆ. ಬೆಳಿಗ್ಗೆ ನಾನು ಅಂಗಡಿಗೆ ಹೊರಡುವಾಗ ಅಕ್ಕ ಕಿಟಕಿಯಲ್ಲಿ ಕೂತು ಅದರ ಕಡೆ ನೋಡುತ್ತಿರುತ್ತಿದ್ದಳು. ನಾನು ನೋಡಿದೆನೆಂದು ಗೊತ್ತಾದರೆ ಪೇಪರು ಎತ್ತಿಕೊಳ್ಳುತ್ತಿದ್ದಳು.

ಕಾರಿನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಮಾರಲು ಅವಳಿಗೆ ಮನಸ್ಸಿರಲಿಲ್ಲ. ಕೊಡುವುದಾದರೆ ಆ ಸರಳು ಬೇಕಾದವರಿಗೇ ಕೊಡುತ್ತೇನೆ ಎಂದಳು. ಅಂಥವರು ಸಿಕ್ಕರು. ಹರಿಹರದ ಆಚೆ ಸಾರಥಿ ಎಂಬ ಹಳ್ಳಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬಾತ. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಈಗ ಊರಲ್ಲೇ ಬೀಜ ಗೊಬ್ಬರದ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಅಕ್ಕನ ಕಚೇರಿಯ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಸುದ್ದಿ ತಿಳಿದು, ಒಂದು ಭಾನುವಾರ ಹೆಂಡತಿಯ ಜೊತೆ ಆಟೊದಲ್ಲಿ ಬಂದ. ನಾನು ತಾಡಪಾಲು ತೆಗೆದೆ. ಅವನ ಹೆಂಡತಿ ಅವನನ್ನು ಕಂಕುಳಲ್ಲಿ ಕೈ ಹಾಕಿ ಎತ್ತಿ ಡ್ರೈವರ್ ಸೀಟಿಗೆ ಕೂರಿಸಿದಳು. ಪಕ್ಕದಲ್ಲಿ ಅಕ್ಕ ಕೂತಳು.

"ಇದನ್ನ ಒತ್ತು. ಹಂಗಲ್ಲ, ಭುಜದಿಂದ ಒತ್ತಬ್ಯಾಡ. ಮೊಣಕೈ ಮಡಚಿ ಒತ್ತು. ನಾನು ಇಪ್ಪತ್ತು ವರ್ಷ ಭುಜದಿಂದ ಒತ್ತಿ ಹಾಳು ಮಾಡ್ಕಂಡೆ."

ನಿಂತ ಕಾರಿನಲ್ಲಿ ಅವರಿಬ್ಬರೂ ಅರ್ಧ ಗಂಟೆ ಹಾಗೆ ಕೂತಿದ್ದರು. ಅವನು ಇಳಿಯುವಾಗ, "ಎಷ್ಟು ಅಂತ ಹೇಳ್ರಿ ಅಕ್ಕಾರೆ" ಎಂದ.

"ಏನೂ ಬ್ಯಾಡ. ನೀನು ಓಡ್ಸು, ಸಾಕು."

ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ದಿನ ಅಕ್ಕ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡಳು. ಕೀಲಿಕೈ ಮೇಜಿನ ಮೇಲಿಟ್ಟ ದಿನದಿಂದ ಅವಳು ಹಾಗೆ ಉಂಡಿರಲಿಲ್ಲ.

ಕೊಡುವ ಮೊದಲು ಮೇಸ್ತ್ರಿಗೆ ಒಮ್ಮೆ ತೋರಿಸಬೇಕಿತ್ತು. ಅವರಿಗೂ ಎಪ್ಪತ್ತು ಸಮೀಪಿಸಿದೆ. ಗ್ಯಾರೇಜನ್ನು ಈಗ ಅವರ ಮಗ ನೋಡಿಕೊಳ್ಳುತ್ತಾನೆ, ಇವರು ಹಳೆಯ ಗಿರಾಕಿಗಳು ಕರೆದರೆ ಮಾತ್ರ ಬರುತ್ತಾರೆ. ಬಂದರು. ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿದರು. ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ತಟ್ಟುವ ಸದ್ದು ಕೇಳುತ್ತಿತ್ತು. ಮೊದಲು ಟಣ್, ಟಣ್. ಆಮೇಲೆ ಒಂದು ಕಡೆ ಸದ್ದೇ ಬರಲಿಲ್ಲ. ನಾನು ಒಳಗೆ ಬಗ್ಗಿ ನೋಡಿದರೆ, ಡ್ರೈವರ್ ಸೀಟಿನ ಮುಂದಿನ ರಬ್ಬರ್ ಹಾಸು ಮೇಲೆದ್ದಿತ್ತು. ಅದನ್ನು ಸರಿಸಿದೆ, ತಗಡು ಕೊರೆದುಕೊಂಡು ಸ್ಕ್ರೂಡ್ರೈವರಿನ ತುದಿ ಒಳಗೆ ಬಂದಿತ್ತು.

ಅವರು ಬೇಗ ಹೊರಗೆ ಬರಲಿಲ್ಲ. ಅವರ ಎರಡು ಪಾದ ಮಾತ್ರ ಕಾಣುತ್ತಿದ್ದವು. ಅಕ್ಕ ಊರುಗೋಲು ಊರಿಕೊಂಡು ನಿಂತೇ ಇದ್ದಳು. ಕೊನೆಗೆ ಮೇಸ್ತ್ರಿ ಎದ್ದು ಬಂದು ಕೈ ಒರೆಸಿಕೊಂಡು ಹೇಳಿದರು.

"ಈ ಗಾಡಿ ಯಾರಿಗೂ ಕೊಡಬ್ಯಾಡ್ರಿ ಬೆಹನ್. ಸರಳು ಕೂತಿರೋ ಜಾಗಾನೇ ತುಕ್ಕು ತಿಂದು ಹೋಗೈತೆ. ಒತ್ತಿದ್ರೆ ಬ್ರೇಕು ಹಿಡಿಯೋ ಬದಲು ತಗಡು ಬಗ್ಗತೈತೆ."

"ವೆಲ್ಡಿಂಗ್ ಮಾಡ್ರಿ."

"ಮಾಡಾಕೆ ಗಟ್ಟಿ ಕಬ್ಬಿಣ ಬೇಕಲ್ಲ? ಹಿಡಿಯೋಕೆ ಏನೂ ಉಳಿದಿಲ್ಲ. ಹೋದ ವರ್ಷ ಒಂದು ಪಟ್ಟಿ ಹಾಕಿದ್ದೆ. ಅದೂ ಹೋಗೈತೆ."

ಅಕ್ಕ ಅವರನ್ನೇ ನೋಡಿದಳು. "ಹೋದ ವರ್ಷ ನಿಮಗೆ ಗೊತ್ತಿತ್ತಾ?"

ಅವರು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

"ಹೋದ ವರ್ಷನೇ ಗೊತ್ತಿತ್ತು. ಮತ್ತೆ ನನಗೆ ಯಾಕ ಹೇಳ್ಲಿಲ್ಲ?"

"ಹೇಳಬೇಕು ಅಂತ ಮೂರು ಸಲ ಬಾಯಿಗೆ ಬಂತು" ಎಂದರು ಮೇಸ್ತ್ರಿ. "ಹೇಳಿದ್ರೆ ನೀವು ಮನ್ಯಾಗೆ ಕೂಡ್ತೀರಿ. ರಿಟೈರ್ ಆಗೋ ತನಕ ನಡೀಲಿ, ಆಮೇಲೆ ಹೇಳೋಣ ಅಂತ ಪಟ್ಟಿ ಹಾಕಿದೆ. ತಪ್ಪಾತು. ಬಹಳ ದೊಡ್ಡ ತಪ್ಪಾತು."

"ಆ ಹಣ್ಣಿನ ಗಾಡಿ ಮುದುಕಿ ಸತ್ತಿದ್ರೆ?"

ಅವರು ತಲೆ ತಗ್ಗಿಸಿದರು.

ಅಕ್ಕನ ದನಿ ಸಣ್ಣಗಾಯಿತು. "ಅವತ್ತು ಸೋತಿದ್ದು ನನ್ನ ಕೈನಾ, ಗಾಡಿನಾ? ಅದನ್ನಾದ್ರೂ ಹೇಳ್ರಿ."

"ಗೊತ್ತಿಲ್ಲ ಬೆಹನ್. ಎರಡೂ ಇರಬಹುದು. ಸುಳ್ಳು ಹೇಳಾಕೆ ಬರಲ್ಲ ನನಗೆ, ನಿಜ ಏನು ಅಂತಾನೂ ಗೊತ್ತಿಲ್ಲ."

ಅಕ್ಕ ತಿರುಗಿ ಒಳಗೆ ಹೋದಳು. ಅಷ್ಟು ಸಿಟ್ಟಿನಲ್ಲೂ ಅವಳಿಗೆ ಬೇಗ ಹೋಗಲಾಗಲಿಲ್ಲ. ಗೇಟಿನಿಂದ ಬಾಗಿಲಿನವರೆಗೆ ಅವಳು ಹೋಗುವಷ್ಟು ಹೊತ್ತೂ ನಾನು, ಮೇಸ್ತ್ರಿ ಇಬ್ಬರೂ ಅವಳ ಬೆನ್ನು ನೋಡುತ್ತ ನಿಂತಿದ್ದೆವು.

ಸಾರಥಿಯವನಿಗೆ ನಾನು ಫೋನು ಮಾಡಿ ವಿಷಯ ತಿಳಿಸಿದೆ. ಆತ ಒಳ್ಳೆಯವನು. "ಹೋಗ್ಲಿ ಬಿಡ್ರಣ್ಣ. ಆದ್ರೆ ಅಕ್ಕಾರಿಗೆ ಬೇಜಾರಾಗಿರ್ತೈತೆ" ಎಂದ. ಈಗ ಕೈಯಿಂದ ಓಡಿಸುವ ಅಂಥ ಕೈಸಾಧನಗಳು ಸಿದ್ಧವಾಗಿಯೇ ಸಿಗುತ್ತವೆ, ತರಿಸಿಕೊಳ್ಳುತ್ತೇನೆ ಎಂದೂ ಹೇಳಿದ. ಆ ಮಾತನ್ನು ನಾನು ಅಕ್ಕನಿಗೆ ಹೇಳಲು ನಾಲ್ಕು ದಿನ ತೆಗೆದುಕೊಂಡೆ.

ಅಕ್ಕ ಮೇಸ್ತ್ರಿಯ ಜೊತೆ ಮಾತು ಬಿಟ್ಟಳು. ಅವರು ಒಮ್ಮೆ ಮನೆಗೆ ಬಂದಾಗ ಹೆಂಡತಿ ಚಹಾ ಕೊಟ್ಟಳು. ಅಕ್ಕ ಕೋಣೆಯಿಂದ ಹೊರಗೆ ಬರಲಿಲ್ಲ. ಅವರು ಅರ್ಧ ಲೋಟ ಕುಡಿದು ಎದ್ದು ಹೋದರು. ನನಗೆ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ಇಸ್ಪೀಟು ಆಡಿದವನು ನಾನು. ಅವಳು ಮನೆಯಲ್ಲಿ ಕೂರುವಂತಾಗಬಾರದು ಎಂದು ಸುಮ್ಮನಿದ್ದವರು ಅವರು. ಯಾರ ತಪ್ಪು ದೊಡ್ಡದು ಎಂದು ತೂಗಲು ನನಗೆ ಯೋಗ್ಯತೆಯಿಲ್ಲ ಅನ್ನಿಸಿತು.

ಕೊನೆಗೆ ಕಾರನ್ನು ಗುಜರಿಗೆ ಹಾಕುವುದೆಂದು ನಿಶ್ಚಯವಾಯಿತು. ಕಾಗದಪತ್ರಗಳನ್ನು ಮುಗಿಸಿದೆವು. ಗುಜರಿ ಇದ್ದದ್ದು ಹರಿಹರದ ಕಡೆಯ ರಸ್ತೆಯಲ್ಲಿ, ಊರು ದಾಟಿದ ಮೇಲೆ. ಇಷ್ಟು ತಿಂಗಳು ನಿಂತ ಗಾಡಿಯ ಬ್ಯಾಟರಿ ಸತ್ತಿತ್ತು. ಬ್ಯಾಟರಿ ಸರಿಯಿದ್ದರೂ ಕಾರನ್ನು ಓಡಿಸುವ ಹಾಗಿರಲಿಲ್ಲ. ನಮ್ಮ ಅಂಗಡಿಗೆ ಸರಕು ತರುವ ಸಣ್ಣ ಲಗೇಜ್ ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುವುದೆಂದಾಯಿತು. ಎಳೆಯುವಾಗ ಹಿಂದಿನ ಕಾರಿನಲ್ಲಿ ಯಾರಾದರೂ ಕೂತು ಸ್ಟಿಯರಿಂಗ್ ಹಿಡಿಯಬೇಕು. ಅದಕ್ಕೆ ಮೇಸ್ತ್ರಿ ತಾವೇ ಬರುತ್ತೇನೆಂದರು.

ಬೆಳಿಗ್ಗೆ ಎಂಟು ಗಂಟೆ. ನಾನು ದಪ್ಪ ನೈಲಾನ್ ಹಗ್ಗವನ್ನು ಎರಡು ಸುತ್ತು ಹಾಕಿ ಕಟ್ಟುತ್ತಿದ್ದೆ. ಮೇಸ್ತ್ರಿ ಡ್ರೈವರ್ ಬಾಗಿಲು ತೆಗೆದು ಕೂರಲು ಹೊರಟಿದ್ದರು. ಹಿಂದಿನಿಂದ ಊರುಗೋಲಿನ ಸದ್ದು ಬಂತು. ಅಕ್ಕ ಕಚೇರಿಗೆ ಹೋಗುವಾಗ ಉಡುತ್ತಿದ್ದಂಥ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟಿದ್ದಳು.

"ಸರೀರಿ" ಎಂದಳು. "ಆ ಸೀಟಿನಾಗೆ ನಾನು ಕೂಡ್ತೀನಿ."

"ಅಕ್ಕ, ಅದು ಎಳೆಯೋ ಗಾಡಿ. ಬ್ರೇಕು ಬೇರೆ ಸರಿ ಇಲ್ಲ..." ಎಂದೆ.

"ನನಗೆ ಗೊತ್ತೈತೆ ಏನು ಸರಿ ಇಲ್ಲ ಅಂತ. ಇಪ್ಪತ್ತು ವರ್ಷ ಇದ್ರಾಗ ನನ್ನ ಬಿಟ್ರೆ ಯಾರು ಕೂತಿದಾರೆ? ಇವತ್ತೂ ನಾನೇ."

ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಸರಿದು ನಿಂತರು. ಅಕ್ಕ ಊರುಗೋಲುಗಳನ್ನು ನನ್ನ ಕೈಗೆ ಕೊಟ್ಟು, ಒಂದು ಕೈ ಬಾಗಿಲಿಗೆ, ಒಂದು ಕೈ ಸೀಟಿಗೆ ಊರಿ, ಎಂದಿನಂತೆ ಒಳಗೆ ಜಾರಿದಳು. ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಮೇಸ್ತ್ರಿ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಅವಳು ಬೇಡ ಎನ್ನಲಿಲ್ಲ.

ನಾನು ಲಗೇಜ್ ಗಾಡಿಯ ಹಿಂಬದಿಯಲ್ಲಿ ಅವರ ಕಡೆ ಮುಖ ಮಾಡಿ ಕೂತೆ. ಡ್ರೈವರಿಗೆ ನಡಿಗೆಯ ವೇಗದಲ್ಲಿ ಹೋಗು ಎಂದು ಹೇಳಿದ್ದೆ. ಹಗ್ಗ ಬಿಗಿಯಿತು, ಕಾರು ಹೊಂಗೆ ಮರದ ಕೆಳಗಿನಿಂದ ಹೊರಟಿತು. ಮುಂದಿನ ಗಾಜಿನ ಹಿಂದೆ ಅವರಿಬ್ಬರೂ ಕಾಣುತ್ತಿದ್ದರು. ಮೊದಲೆರಡು ತಿರುವಿನವರೆಗೆ ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರು. ಪಿ.ಬಿ. ರಸ್ತೆಗೆ ಇಳಿಯುವಲ್ಲಿ ಒಂದು ಬಸ್ಸಿಗಾಗಿ ನಮ್ಮ ಡ್ರೈವರ್ ನಿಲ್ಲಿಸಿದ. ಕಾರು ನಮ್ಮ ಕಡೆಗೇ ಬರುತ್ತಿತ್ತು. ಅಕ್ಕ ಸರಳು ಒತ್ತಿದಳು. ಅವಳ ಮುಖ ನೋವಿಗೆ ಕಿವುಚಿಕೊಂಡಿದ್ದನ್ನು ಕಂಡೆ. ಆಗ ಮೇಸ್ತ್ರಿ ಬಾಗಿ, ಎಡಗೈಯನ್ನು ಡ್ಯಾಶ್‌ಬೋರ್ಡಿಗೆ ಊರಿ, ಬಲಗೈ ಚಾಚಿ ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು ಒತ್ತಿದರು. ಕಾರು ನಿಂತಿತು.

ಅಲ್ಲಿಂದ ಮುಂದೆ ಪ್ರತಿ ಸಲವೂ ಹಾಗೆಯೇ ಆಯಿತು. ನಮ್ಮ ಗಾಡಿ ನಿಧಾನವಾದಾಗಲೆಲ್ಲ ಇಬ್ಬರೂ ಸೇರಿ ಒತ್ತಿದರು. ಮಧ್ಯೆ ಒಂದು ಕಡೆ ಅಕ್ಕನ ತುಟಿ ಅಲುಗಿತು. ಮೇಸ್ತ್ರಿ ಏನೋ ಉತ್ತರಿಸಿದರು. ಅವಳು ಸಣ್ಣಗೆ ತಲೆಯಾಡಿಸಿದಳು. ಏನು ಮಾತಾಡಿದರೆಂದು ನಾನು ಕೇಳಿಲ್ಲ, ಇಬ್ಬರೂ ಹೇಳಿಲ್ಲ.

ಗುಜರಿಯಲ್ಲಿ ಕಾರುಗಳು ಒಂದರ ಮೇಲೊಂದು ಕೂತಿದ್ದವು. ಅಲ್ಲಿನವನೊಬ್ಬ ಬಂದು ಮುಂದಿನ ಗಾಜಿನ ಮೇಲೆ ಸೀಮೆಸುಣ್ಣದಿಂದ ಒಂದು ಅಂಕಿ ಬರೆದ. ಅಕ್ಕ ಇನ್ನೂ ಒಳಗೇ ಕೂತಿದ್ದಳು. "ಇಳೀರಿ ಅಮ್ಮಾ" ಎಂದು ಅವನು ಕರೆದ. ಅವಳು ಸ್ಟಿಯರಿಂಗಿನ ಮರದ ಗುಬುಟಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ನಾನು ಊರುಗೋಲು ಹಿಡಿದು ಬಾಗಿಲಲ್ಲಿ ನಿಂತೆ. ಎಷ್ಟು ಹೊತ್ತಾದರೂ ಅವಳು ನನ್ನ ಕಡೆ ತಿರುಗಲಿಲ್ಲ.

"ಅಕ್ಕ" ಎಂದೆ.

"ತಡಿ" ಎಂದಳು. "ಇಳಿದ್ರೆ ಆತು. ಮತ್ತೆ ಹತ್ತೋದು ಎಲ್ಲೈತೆ?"

ಅಷ್ಟು ವರ್ಷದಲ್ಲಿ ಅಕ್ಕ ಅತ್ತದ್ದನ್ನು ನಾನು ಎರಡು ಸಲ ನೋಡಿದ್ದೆ, ಅಪ್ಪ ಹೋದಾಗ, ಅವ್ವ ಹೋದಾಗ. ಅವತ್ತು ಮೂರನೆಯ ಸಲ. ಸದ್ದಿಲ್ಲದೆ ಅತ್ತಳು. ಗುಜರಿಯವನು ಏನು ಮಾಡುವುದೆಂದು ತಿಳಿಯದೆ ದೂರ ಹೋಗಿ ನಿಂತ.

ಅವಳು ಇಳಿದ ಮೇಲೆ ಮೇಸ್ತ್ರಿ ಚೀಲದಿಂದ ಸ್ಪ್ಯಾನರ್ ತೆಗೆದು ಸರಳನ್ನು ಬಿಚ್ಚಿದರು. ಹೆಚ್ಚು ತ್ರಾಸವಾಗಲಿಲ್ಲ, ತಿರುಪುಗಳ ಬುಡದಲ್ಲಿ ಕಬ್ಬಿಣವೇ ಉದುರುತ್ತಿತ್ತು. ಅದನ್ನು ಅಂಗಿಯ ಚುಂಗಿನಿಂದ ಒರೆಸಿ ಅಕ್ಕನ ಮುಂದೆ ಹಿಡಿದರು. ಕೈ ಹಿಡಿಯುವ ಜಾಗ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಬ್ಯಾಡ" ಎಂದಳು ಅಕ್ಕ. "ಮನ್ಯಾಗೆ ಇಟ್ಕೊಂಡು ಏನು ಮಾಡ್ಲಿ? ನೀವು ಮಾಡಿದ್ದು, ನೀವೇ ಇಟ್ಕಳ್ರಿ."

ಅವರು ಅದನ್ನು ಚೀಲಕ್ಕೆ ಹಾಕಿಕೊಂಡರು.

ನನ್ನ ಹೆಂಡತಿ ಆ ದಿನಗಳಲ್ಲೇ ಕಾರು ಕಲಿತಿದ್ದಳು, ನನಗಿಂತ ಚೆನ್ನಾಗಿ. ಹೊಸ ಕಾರನ್ನು ಅವಳೇ ನಮ್ಮ ಹಿಂದೆಯೇ ಗುಜರಿಗೆ ತಂದಿದ್ದಳು. ಅಕ್ಕ ಹಿಂದಿನ ಸೀಟಿನಲ್ಲಿ ಕೂತಳು. ಒಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ, ತಣ್ಣನೆಯ ಗಾಳಿ. ಇಂಜಿನ್ನಿನ ಸದ್ದೇ ಕೇಳುತ್ತಿರಲಿಲ್ಲ. ಅಕ್ಕ ಗಾಜು ಇಳಿಸಲು ಗುಂಡಿ ಯಾವುದೆಂದು ಹುಡುಕಿದಳು. ಹೆಂಡತಿ ಮುಂದಿನಿಂದಲೇ ಒತ್ತಿ ಇಳಿಸಿದಳು.

ಮೇಸ್ತ್ರಿ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಅಕ್ಕ ಹೊರಗೆ ಬಂದು ಕೂಡುತ್ತಾಳೆ, ಇಬ್ಬರೂ ತಮ್ಮ ತಮ್ಮ ನೋವುಗಳ ಬಗ್ಗೆ ಮಾತನಾಡುತ್ತಾರೆ. ಅವರಿಗೆ ಮಂಡಿ, ಇವಳಿಗೆ ಭುಜ. ಹೊಸ ಕಾರಿನ ಬಾನೆಟ್ ಒಮ್ಮೆ ತೆಗೆಸಿ ನೋಡಿ, "ಇದ್ರಾಗೆ ನಮ್ಮಂಥೋರಿಗೆ ಕೆಲಸ ಇಲ್ಲ" ಎಂದು ಮುಚ್ಚಿದರು. ಸಾರಥಿಯವನು ಕೈಸಾಧನ ತರಿಸಿಕೊಂಡು ಒಂದು ಹಳೆಯ ಕಾರಿಗೆ ಹಾಕಿಸಿಕೊಂಡ. ಏರಿನಲ್ಲಿ ನಿಂತಾಗ ಹಿಂದಕ್ಕೆ ಜಾರುತ್ತದೆ, ಏನು ಮಾಡಲಿ ಎಂದು ಅಕ್ಕನಿಗೆ ಫೋನು ಮಾಡುತ್ತಾನೆ. ಅವಳು ಕಣ್ಣು ಮುಚ್ಚಿಕೊಂಡು, ಖಾಲಿ ಕೈ ಆಡಿಸುತ್ತ ಹೇಳಿಕೊಡುತ್ತಾಳೆ. ಫೋನು ಇಟ್ಟ ಮೇಲೆ ಆ ಕೈಯನ್ನು ಮಡಿಲಿಗೆ ತಂದುಕೊಳ್ಳಲು ಅವಳಿಗೆ ಸ್ವಲ್ಪ ಸಮಯ ಬೇಕಾಗುತ್ತದೆ.

ಭಾನುವಾರ ನಾನು ಕೇಳುತ್ತೇನೆ, "ಎಲ್ಲಿಗೆ ಹೋಗೋಣ ಅಕ್ಕ?"

"ನೀನು ಎಲ್ಲಿಗೆ ಕರ್ಕೊಂಡು ಹೋಗ್ತೀಯೋ ಅಲ್ಲಿಗೆ" ಎನ್ನುತ್ತಾಳೆ. ಬೇಸರದಿಂದಲ್ಲ, ಮುನಿಸಿನಿಂದಲೂ ಅಲ್ಲ. ಆದರೆ ಆ ಮಾತು ನನಗೆ ಪ್ರತಿ ಸಲವೂ ಚುಚ್ಚುತ್ತದೆ.

ಹೋದ ತಿಂಗಳು ಹರಿಹರದ ಆಚೆ ಒಂದು ಮದುವೆಗೆ ಹೋಗಿ ಬರುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ತುಂಗಭದ್ರೆಯ ಸೇತುವೆಯ ಮೇಲಿದ್ದಾಗ ಅಕ್ಕ ಹಿಂದಿನಿಂದ, "ಒಂದು ನಿಮಿಷ ನಿಲ್ಲಿಸ್ತೀಯಾ?" ಎಂದಳು. ನನ್ನ ಹಿಂದೆ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ನಾನು ಇನ್ನೂ ಹೊಸಬ, ಹೆದರಿಕೆಯಾಯಿತು. ನಿಲ್ಲಿಸಲಾಗಲಿಲ್ಲ. ಸೇತುವೆ ದಾಟಿ, ಅಂಗಡಿ ಸಾಲು ದಾಟಿ, ಜಾಗ ಹುಡುಕಿ ಬದಿಗೆ ನಿಲ್ಲಿಸುವಷ್ಟರಲ್ಲಿ ಬಹಳ ಮುಂದೆ ಬಂದಿದ್ದೆವು.

"ಏನಿತ್ತು ಅಕ್ಕ? ವಾಪಸ್ ಹೋಗೋಣ್ವಾ?"

"ಏನಿಲ್ಲ. ಹೊಳೆ ತುಂಬಾ ನೀರು ಬಂದೈತೆ, ನೋಡಬೇಕು ಅನ್ನಿಸ್ತು" ಎಂದಳು. "ಇರ್ಲಿ ಬಿಡು. ನಡಿ ಮುಂದೆ."